ಪಿ.ಬಿ., ಮೂರನೇ ಸಾಲು

ಬಿ.ಎಂ. ರೋಡಿನಲ್ಲಿ ಬಸ್ಸಿಳಿದು
ಎನ್.ಆರ್. ಸರ್ಕಲ್ಲು ದಾಟಿ ಕೆಲಸಕ್ಕೆ ನಡೆವವಳು ನಾನು,
ಡಿ.ಎಂ. ಕುಸುಮಾವತಿ.
ಡಿ ಅಂದರೆ ದುದ್ದ, ಎಂ ಅಂದರೆ ಮಂಚಯ್ಯ:
ಊರೂ ಅಪ್ಪನೂ ಒಂದೊಂದು ಚುಕ್ಕೆ ಹಿಡಿದು
ನನಗಿಂತ ಮೊದಲೇ ಒಳಗೆ ಬಂದು ಕೂರುತ್ತಾರೆ.
ಇಂಥವಳು ಸಂಕ್ಷಿಪ್ತಾಕ್ಷರಕ್ಕೆ ಹೆದರಬಾರದಿತ್ತು.

ಹೆದರಿದೆ.

ಕಾಲೇಜು ಲೈಬ್ರರಿಯ ಹಿಂದಿನ ಕೋಣೆ,
ಹನ್ನೊಂದು ತಿಂಗಳ ಗುತ್ತಿಗೆ,
ಬಾಗಿಲು ಹಾಕಿದ ಕಾಫಿ ಕ್ಯೂರಿಂಗ್ ವರ್ಕ್ಸಿನಿಂದ ಬಂದ
ಎರಡು ಟ್ರಂಕು ಫೋಟೋ.
ಒಂದೊಂದಕ್ಕೂ ಮೆಟಾಡೇಟಾ ಬರೆಯಬೇಕು,
ಅಂದರೆ ದತ್ತಾಂಶದ ಬಗೆಗಿನ ದತ್ತಾಂಶ, ಅಂದರು ತೀರ್ಥೇಶ್ ಸರ್.
ಎಮ್ಮೆ ಅಂದರೇನು ಅಂದರೆ ಎಮ್ಮೆ ಅಂದ ಹಾಗಾಯಿತು.

ಮಾರ್ಕ್ ಇದೆ, ಮಾಡ್ಸ್ ಇದೆ, ಮೆಟ್ಸ್ ಇದೆ,
ಮೆಟ್ಸು ಮಾಡ್ಸನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲದಂತೆ.
ಆರ್.ಡಿ.ಎ. ಇದೆ. ಆರ್.ಡಿ.ಎಫ್. ಅದರ ತಮ್ಮನಲ್ಲ,
ಒಂದೇ ಬೀದಿಯಲ್ಲಿ ಮನೆ ಮಾಡಿದ ಬೇರೆ ವಂಶ.
ಡಬ್ಲಿನ್ ಕೋರಿನ ಡಬ್ಲಿನ್ನು ಐರ್ಲೆಂಡಿನದಲ್ಲ,
ಅಮೆರಿಕದ ಓಹಾಯೋದ್ದು,
ಇಷ್ಟು ತಿಳಿಯಲು ಒಂದು ಮಧ್ಯಾಹ್ನ ಹೋಯಿತು.
(ಹೋಗಲಿ, ನಮ್ಮಲ್ಲಿ ಹೊಸಹಳ್ಳಿಗಳೆಷ್ಟು!)
ನೂರು ಅಂದರೆ ಕರ್ತೃ, ಇನ್ನೂರ ನಲವತ್ತೈದು ಶೀರ್ಷಿಕೆ,
ಆರುನೂರ ಐವತ್ತು ವಿಷಯ.
ಬಸ್ಸಿನ ನಂಬರಿನಂತೆ ಬಾಯಿಪಾಠ ಮಾಡಿದೆ,
ಎಲ್ಲಿಗೆ ಹೋಗುತ್ತದೆಂದು ಮಾತ್ರ ಕೇಳಬೇಡಿ.

ನಲವತ್ತೊಂದನೇ ಫೋಟೋ.
ಉದ್ದನೆಯ ಶೆಡ್ಡು, ನೆಲಕ್ಕೆ ಕೂತ ಹೆಂಗಸರು,
ಮುಂದೆ ಬೀಜದ ರಾಶಿ. ಯಾರೂ ಕ್ಯಾಮೆರಾ ನೋಡಿಲ್ಲ,
ಒಬ್ಬಳ ಹೊರತು.
ಹಿಂದೆ ಪೆನ್ಸಿಲಿನಲ್ಲಿ: ಪಿ.ಬಿ., ಮೂರನೇ ಸಾಲು.

ಫೋಟೋ ತೆಗೆದವನು, ಇನ್ನಾರು?
ಪಾಪಣ್ಣನ ಮಗ ಬಸಪ್ಪನೋ, ಪಡುವಲಹಿಪ್ಪೆಯ ಬೋರೇಗೌಡನೋ.
ಕರ್ತೃವಿನ ಖಾನೆಯಲ್ಲಿ ಪಿ.ಬಿ. ಅಂತ ಹೊಡೆದೆ.
ಮುಂದಿನ ಇಪ್ಪತ್ತಾರರ ಬೆನ್ನಿಗೂ ಅವನೇ.
ನುರಿತ ಕೈ, ಬೆಳಕು ಬಲ್ಲವನು
ಎಂದು ಟಿಪ್ಪಣಿಯಲ್ಲಿ ಹೊಗಳಿದ್ದೂ ಆಯಿತು.

ಕಸ ಗುಡಿಸುವ ಸಾಕಮ್ಮ ಒಂದು ದಿನ ಅತ್ತೆಯನ್ನು ಕರೆತಂದಳು.
ಕಣ್ಣಿನ ಆಸ್ಪತ್ರೆಗೆ ಹೊತ್ತಿತ್ತು, ನೆರಳಿಗೆ ಕೂತಿರಲಿ ಅಂತ.
ಒಂದು ಕಣ್ಣಿಗೆ ಹಸಿರು ಪಟ್ಟಿ.
ಇನ್ನೊಂದರಲ್ಲಿ ಚಿಕ್ಕತಾಯಮ್ಮ ನನ್ನ ಪರದೆ ನೋಡಿದರು.

"ಪಿ.ಬಿ. ಆಳಲ್ಲ ಕಣವ್ವ, ಬೀಜ.
ಹಣ್ಣೊಳಗೆ ಎರಡಿರೋ ಕಡೆ ಒಂಟಿಯಾಗಿ ಬೆಳೆದದ್ದು.
ಹೊಟ್ಟೆ ಚಪ್ಪಟೆ ಇರಲ್ಲ, ಬಟಾಣಿ ಥರ ಉರುಳ್ತದೆ.
ಪಿ.ಬಿ., ಎ., ಎ.ಬಿ., ಸಿ.,
ಕರೀದು ಕಂದು ಚೂರು ಎಲ್ಲ ಬಿ.ಬಿ.ಬಿ."
ಓದು ಬರದ ಬಾಯಿಂದ ಇಂಗ್ಲಿಷ್ ಅಕ್ಷರ
ಮೊರದಲ್ಲಿ ಕೇರಿದಂತೆ ಬಿದ್ದವು, ಒಂದೂ ಆಚೆ ಚೆಲ್ಲದೆ.

ಪಿ ಅಂದರೇನಜ್ಜಿ?
"ಯಾರಿಗೊತ್ತು. ಚೀಲದ ಮೇಲೆ ಬರೆಯೋರು.
ಬೆರಳಿಗೆ ಗೊತ್ತಿತ್ತು."

ಇಪ್ಪತ್ತೇಳು ಫೋಟೋಗಳಿಂದ ಒಬ್ಬ ಛಾಯಾಗ್ರಾಹಕನನ್ನು ಅಳಿಸಿದೆ.
ಸ್ವಲ್ಪ ಸಂಕಟವಾಯಿತು, ಅವನು ನನಗೆ ಹಿಡಿಸಿದ್ದ.
ಪಿ.ಬಿ. ವಿಷಯದ ಖಾನೆಗೆ ಹೋಯಿತು.
ಕರ್ತೃ ಖಾಲಿ.

ಪರದೆಯ ಮೇಲೆ ಬೆರಳಿಟ್ಟು ಅಜ್ಜಿ ಅಂದರು:
"ಇವಳು ನಿಂಗಾಜಿ. ಇವಳು ಶೆಟ್ಟಿಹಳ್ಳಿ ಲೂರ್ದಮ್ಮ.
ಇವಳ ಹೆಸರು ಬರ್ತಿಲ್ಲ, ಹಾಡೋಳು.
ತಲೆಯೆತ್ತಿ ನೋಡ್ತಾವಳಲ್ಲ, ಅವಳು ನಾನಲ್ಲ.
ನಾನು ಪಕ್ಕದೋಳು, ತಲೆ ಬಗ್ಸಿರೋಳು."

ಬರೆದುಕೊಂಡೆ. ನಿಮ್ಮ ಇನಿಷಿಯಲ್ಲು?
"ನಮಗೆಲ್ಲಿದ್ದವು," ಅಂದರು. "ಚೀಲಕ್ಕಿದ್ದವು."

ಎಲ್ಲರನ್ನೂ ಸಹಯೋಗಿಗಳ ಖಾನೆಗೆ ಹಾಕಿದೆ,
ಹಾಡುವವಳನ್ನು 'ಹಾಡುವವಳು' ಎಂದೇ.
ಸೋಮವಾರ ತೀರ್ಥೇಶ್ ಸರ್ ಕನ್ನಡಕ ಒರೆಸುತ್ತ
"ಫೋಟೋದಲ್ಲಿ ಕೂತವರು ವಿಷಯ ಕಣಮ್ಮ, ಸಹಯೋಗಿ ಅಲ್ಲ"
ಎಂದು ಒಬ್ಬೊಬ್ಬರನ್ನೇ ಎತ್ತಿ ಪಿ.ಬಿ. ಪಕ್ಕ ಕೂರಿಸಿದರು.
ನಿಯಮ ಅವರ ಕಡೆಗೇ ಇದೆ, ನಾನೂ ಓದಿದ್ದೇನೆ.

ಮಂಗಳವಾರ ಮತ್ತೆ ಸಹಯೋಗಿಗೆ ಹಾಕಿದೆ.
ಹದಿನೈದರಲ್ಲಿ ಯಾವ ಖಾನೆಯನ್ನಾದರೂ
ಎಷ್ಟು ಸಲ ಬೇಕಾದರೂ ಮರುಕಳಿಸಬಹುದು
ಅಂತ ಅದೇ ನಿಯಮದಲ್ಲಿದೆ.